ನಾಯಿಗಳ ಅಂಟುಗಡ್ಡೆ ಮತ್ತು ಕಿಮೋಥೆರಪಿ: ಒಂದು ಚಿಕಿತ್ಸೆಯ ಚರಿತ್ರೆ

ನಾಯಿಗಳು ಕೂಡುವಾಗ ಒಂದರಿಂದ ಇನ್ನೊಂದಕ್ಕೆ ಹರಡುವ ಜನನಾಂಗದ ಗಡ್ಡೆಗೆ ಪಶುವೈದ್ಯರಲ್ಲಿ ಟಿ.ವಿ.ಟಿ. ಎಂಬ ಹೆಸರಿದೆ. ಇದನ್ನು ಹರಡುವುದು ವೈರಾಣುವಲ್ಲ, ಬ್ಯಾಕ್ಟೀರಿಯವೂ ಅಲ್ಲ. ಗಡ್ಡೆಯ ಜೀವಂತ ಕೋಶಗಳೇ. ರೋಗಪೀಡಿತ ನಾಯಿಯಿಂದ ಕಳಚಿದ ಕೋಶಗಳು ಮತ್ತೊಂದರ ಲೋಳೆಪೊರೆಯಲ್ಲಿ ನೆಲೆಯೂರಿ ಬೆಳೆಯುತ್ತವೆ. ಮೂಸುವುದರಿಂದ, ನೆಕ್ಕುವುದರಿಂದ ಮೂಗು, ಬಾಯಿಗಳಿಗೂ ತಗಲುವುದುಂಟು. ಗಡ್ಡೆ ಹೂಕೋಸಿನಂತೆ ಉಬ್ಬಿ, ಮುಟ್ಟಿದರೆ ರಕ್ತ ಒಸರುತ್ತದೆ.

ಈ ರೋಗವನ್ನು ಲಂಡನ್ನಿನ ಪಶುವೈದ್ಯ ಡೆಲಾಬಿಯರ್ ಬ್ಲೇನ್ 1810ರಲ್ಲಿ ವರ್ಣಿಸಿದ. 1876ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಮಸ್ತಿಸ್ಲಾವ್ ನೊವಿನ್‌ಸ್ಕಿ ಗಡ್ಡೆಯ ಚೂರನ್ನು ಒಂದು ನಾಯಿಯಿಂದ ಇನ್ನೊಂದಕ್ಕೆ ನಾಟಿ ಮಾಡಿ ಬೆಳೆಸಿದ. ಪ್ರಯೋಗದ ಮೂಲಕ ಅರ್ಬುದವನ್ನು ಯಶಸ್ವಿಯಾಗಿ ಕಸಿ ಮಾಡಿದ ಮೊದಲ ನಿದರ್ಶನಗಳಲ್ಲಿ ಇದೂ ಒಂದು. 19ನೇ ಶತಮಾನದ ಕೊನೆಗೆ ಲಂಡನ್ನಿನಲ್ಲಿ ಸ್ಮಿತ್ ಮತ್ತು ವಾಶ್‌ಬರ್ನ್ ನಡೆಸಿದ ಪ್ರಯೋಗಗಳಲ್ಲಿ ಕೆಲವು ನಾಯಿಗಳ ಗಡ್ಡೆ ತಾನಾಗಿಯೇ ಕರಗಿತು. ಹಾಗೆ ಗುಣವಾದವು ಮರುನಾಟಿಗೆ ಜಗ್ಗಲಿಲ್ಲ. ದೇಹದ ರೋಗನಿರೋಧಕ ಶಕ್ತಿ ಈ ಗಡ್ಡೆಯನ್ನು ಗುರುತಿಸಬಲ್ಲದು ಎಂಬುದಕ್ಕೆ ಇದು ಮೊದಲ ಸುಳಿವು. 20ನೇ ಶತಮಾನದ ಆರಂಭದಲ್ಲಿ ಫ್ರಾಂಕ್‌ಫರ್ಟ್‌ನ ಆಂಟನ್ ಸ್ಟಿಕರ್ ಇದನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ್ದರಿಂದ 'ಸ್ಟಿಕರ್ ಗಡ್ಡೆ' ಎಂಬ ಹೆಸರೂ ಬಂತು.

ಬಹುಕಾಲ ಇದ್ದ ಉಪಾಯ ಶಸ್ತ್ರಚಿಕಿತ್ಸೆಯೊಂದೇ. ಆದರೆ ಕೊಯ್ಯುವಾಗ ಚೆಲ್ಲಿದ ಕೋಶಗಳು ಗಾಯದಲ್ಲೇ ಬೇರೂರುವುದರಿಂದ ಗಡ್ಡೆ ಮರುಕಳಿಸುವುದು ಸಾಮಾನ್ಯವಾಗಿತ್ತು. ವಿಕಿರಣ ಪರಿಣಾಮಕಾರಿಯಾದರೂ ಅದಕ್ಕೆ ಬೇಕಾದ ಯಂತ್ರ, ಅರಿವಳಿಕೆಗಳು ಹೆಚ್ಚಿನ ಪಶು ಆಸ್ಪತ್ರೆಗಳಿಗೆ ಎಟುಕುವಂತಿರಲಿಲ್ಲ.

ನಿಜವಾದ ತಿರುವು ಬಂದದ್ದು ಮನುಷ್ಯರ ಔಷಧದಿಂದ. ಕನ್ನಡನಾಡಿನ ಹಿತ್ತಿಲುಗಳಲ್ಲಿ ಕಾಶಿ ಕಣಗಿಲೆ, ನಿತ್ಯಪುಷ್ಪ ಎಂದು ಹೆಸರಾದ ಗಿಡದ ತವರು ಮಡಗಾಸ್ಕರ್. ಮಧುಮೇಹದ ಮನೆಮದ್ದೆಂದು ಜಮೈಕಾದಿಂದ ಬಂದ ಇದರ ಎಲೆಗಳನ್ನು ಕೆನಡಾದ ರಾಬರ್ಟ್ ನೋಬಲ್ 1950ರ ದಶಕದಲ್ಲಿ ಪರೀಕ್ಷಿಸಿದರು. ರಕ್ತದ ಸಕ್ಕರೆ ಇಳಿಯಲಿಲ್ಲ, ಬಿಳಿರಕ್ತಕಣಗಳು ಇಳಿದವು. ಆ ಜಾಡು ಹಿಡಿದು ಅವರು ಮತ್ತು ಚಾರ್ಲ್ಸ್ ಬಿಯರ್ ವಿನ್‌ಬ್ಲಾಸ್ಟಿನ್ ಅನ್ನು ಬೇರ್ಪಡಿಸಿದರು. ಅದೇ ಗಿಡದಿಂದ ಎಲಿ ಲಿಲಿ ಕಂಪನಿಯ ಪ್ರಯೋಗಾಲಯದಲ್ಲಿ ದೊರೆತ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕೋಶ ಇಬ್ಭಾಗವಾಗುವಾಗ ವರ್ಣತಂತುಗಳನ್ನು ಎಳೆಯುವ ಸೂಕ್ಷ್ಮನಾಳಗಳು ಕಟ್ಟಿಕೊಳ್ಳದಂತೆ ಇದು ತಡೆಯುತ್ತದೆ. ವಿಭಜನೆ ನಡುವೆಯೇ ನಿಂತು ಕೋಶ ಸಾಯುತ್ತದೆ.

ಪಶುವೈದ್ಯರು ಮೊದಲು ವಿನ್‌ಕ್ರಿಸ್ಟಿನ್ ಅನ್ನು ಸೈಕ್ಲೋಫಾಸ್ಫಮೈಡ್ ಮತ್ತು ಮೆಥೋಟ್ರೆಕ್ಸೇಟ್ ಜೊತೆ ಬೆರೆಸಿ ಕೊಡುತ್ತಿದ್ದರು. ಇದೊಂದೇ ಸಾಕೆಂದು ಅಮೆರಿಕದಲ್ಲಿ 1982ರಲ್ಲಿ ಪ್ರಕಟವಾದ ವರದಿ ತೋರಿಸಿತು. 1996ರಲ್ಲಿ ಪ್ರಕಟವಾದ ಭಾರತೀಯ ತುಲನಾತ್ಮಕ ಅಧ್ಯಯನದಲ್ಲೂ ವಿನ್‌ಕ್ರಿಸ್ಟಿನ್ ಮೇಲುಗೈ ಸಾಧಿಸಿತು. ವಾರಕ್ಕೊಮ್ಮೆ ರಕ್ತನಾಳದ ಮೂಲಕ, ಪ್ರತಿ ಕಿಲೋ ತೂಕಕ್ಕೆ 0.025 ಮಿಲಿಗ್ರಾಂ ಅಥವಾ ದೇಹದ ಮೇಲ್ಮೈಯ ಚದರ ಮೀಟರಿಗೆ 0.5ರಿಂದ 0.7 ಮಿಲಿಗ್ರಾಂ ಕೊಡುವುದು ರೂಢಿ. ಸಾಮಾನ್ಯವಾಗಿ 4ರಿಂದ 8 ಚುಚ್ಚುಮದ್ದುಗಳಲ್ಲಿ ಗಡ್ಡೆ ಮಾಯವಾಗುತ್ತದೆ. ಬಿಳಿರಕ್ತಕಣ ಕುಸಿಯುವುದು, ವಾಂತಿ, ಹಸಿವಿಲ್ಲದಿರುವುದು ಇದರ ಅಡ್ಡಪರಿಣಾಮಗಳು. ಔಷಧ ನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸ ಕೊಳೆಯುತ್ತದೆ. ವಿನ್‌ಕ್ರಿಸ್ಟಿನ್‌ಗೆ ಬಗ್ಗದ ಗಡ್ಡೆಗೆ ಡಾಕ್ಸೊರುಬಿಸಿನ್ ಬಳಸುತ್ತಾರೆ.

ಈ ಗಡ್ಡೆಯ ಹುಟ್ಟು ತಿಳಿದದ್ದು ಮಾತ್ರ ಚಿಕಿತ್ಸೆ ನೆಲೆಗೊಂಡ ಎಷ್ಟೋ ವರ್ಷಗಳ ಮೇಲೆ. ನಾಯಿಯ ಕೋಶದಲ್ಲಿ 78 ವರ್ಣತಂತುಗಳಿದ್ದರೆ ಗಡ್ಡೆಯ ಕೋಶದಲ್ಲಿ ಸುಮಾರು 59. ಜಗತ್ತಿನ ಬೇರೆ ಬೇರೆ ಕಡೆಯ ಗಡ್ಡೆಗಳೆಲ್ಲ ಒಂದೇ ವಂಶದವೆಂದು ಲಂಡನ್ನಿನ ರಾಬಿನ್ ವೈಸ್ ಮತ್ತು ಸಂಗಡಿಗರು 2006ರಲ್ಲಿ ಸಾಬೀತುಪಡಿಸಿದರು. 43 ದೇಶಗಳ 546 ಗಡ್ಡೆಗಳನ್ನು ವಿಶ್ಲೇಷಿಸಿದ 2019ರ ಅಧ್ಯಯನವು ಅದರ ಮೂಲವನ್ನು 4,000ದಿಂದ 8,500 ವರ್ಷಗಳ ಹಿಂದಿನ ಏಷ್ಯಾದ ಒಂದು ನಾಯಿಗೆ ಕೊಂಡೊಯ್ಯಿತು. 2018ರ ಇನ್ನೊಂದು ಅಧ್ಯಯನ, ವಿನ್‌ಕ್ರಿಸ್ಟಿನ್ ಪಡೆದು ಕರಗುತ್ತಿದ್ದ ಗಡ್ಡೆಗಳಲ್ಲಿ ಉರಿಯೂತ ಎದ್ದು ರೋಗನಿರೋಧಕ ಕೋಶಗಳು ನುಗ್ಗುವುದನ್ನು ದಾಖಲಿಸಿತು. ಅಂದರೆ ಔಷಧ ಕೋಶಗಳನ್ನು ಕೊಲ್ಲುವುದರ ಜೊತೆಗೆ ದೇಹದ ರಕ್ಷಣೆಗೂ ದಾರಿ ತೆರೆಯುತ್ತದೆ. ಶತಮಾನದ ಹಿಂದೆ ಸ್ಮಿತ್ ಮತ್ತು ವಾಶ್‌ಬರ್ನ್ ಕಂಡ ಸುಳಿವಿಗೆ ಹೀಗೆ ಪುಷ್ಟಿ ದೊರೆಯಿತು.

ಕಿಮೋಥೆರಪಿ ಗುಣಪಡಿಸುವುದು ಒಂದೊಂದೇ ನಾಯಿಯನ್ನು. ರೋಗ ಮೊದಲು ವರ್ಣಿತವಾದ ಬ್ರಿಟನ್ನಿನಲ್ಲಿ ಅದು 20ನೇ ಶತಮಾನದಲ್ಲಿ ನೆಲೆ ಕಳೆದುಕೊಂಡದ್ದು ನಾಯಿಗಳ ಅಲೆದಾಟಕ್ಕೆ ಕಡಿವಾಣ ಬಿದ್ದದ್ದರಿಂದ. ನಾಯಿಗಳು ಬೀದಿಯಲ್ಲಿ ಸ್ವಚ್ಛಂದವಾಗಿ ಕೂಡುವ ದೇಶಗಳಲ್ಲಿ ಈ ಗಡ್ಡೆ ಈಗಲೂ ಸಾಮಾನ್ಯ.