ಚಿನ್ನದ ಬೆಟ್ಟಕ್ಕೆ ಹೋದವರು

1848ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕೊಲೋಮಾದಲ್ಲಿ, ಸಟರ್ ಅನ್ನೋನ ಮರದ ಮಿಲ್ಲಿನ ಕಾಲುವೆಯಲ್ಲಿ ಚಿನ್ನ ಸಿಕ್ತು. ಸುದ್ದಿ ಸಮುದ್ರ ದಾಟಿ ದಕ್ಷಿಣ ಚೀನಾ ಮುಟ್ಟಿತು. ಅಲ್ಲಿನವರು ಆ ನಾಡಿಗೆ ಇಟ್ಟ ಹೆಸರು ‘ಗಮ್ ಸಾನ್’, ಅಂದ್ರೆ ಚಿನ್ನದ ಬೆಟ್ಟ. 1852 ಒಂದೇ ವರ್ಷ ಸುಮಾರು 20,000 ಜನ ಬಂದಿಳಿದರು.

ಬೇರೆಯವರು ಬಿಟ್ಟುಹೋದ ಗಣಿಗಳಲ್ಲೂ ಇವರು ಮಣ್ಣು ಜಾಲಿಸಿ ಚಿನ್ನ ತೆಗೆದರು. ಅದಕ್ಕೂ ತೆರಿಗೆ: ತಿಂಗಳಿಗೆ 3 ಡಾಲರ್, ಮರುವರ್ಷ 4. ವಸೂಲಿಗೆ ಬಂದವನು ಹೊಡೆದರೆ ಯಾರಿಗೆ ಹೇಳೋದು? 1854ರಲ್ಲಿ, ಚೀನೀಯನೊಬ್ಬನನ್ನು ಕೊಂದ ಬಿಳಿಯನ ಶಿಕ್ಷೆಯನ್ನು ರಾಜ್ಯದ ಸುಪ್ರೀಂ ಕೋರ್ಟೇ ರದ್ದು ಮಾಡಿತು. ಕಾರಣ, ಬಿಳಿಯರ ವಿರುದ್ಧ ಚೀನೀಯರ ಸಾಕ್ಷಿ ನಡೆಯೋದಿಲ್ಲ!

1865ರಿಂದ ಸೆಂಟ್ರಲ್ ಪೆಸಿಫಿಕ್ ರೈಲ್ವೆಗೆ ಕೈಗಳು ಬೇಕಾದವು. ಸಿಯೆರಾ ನೆವಾಡದ ಕಗ್ಗಲ್ಲು ಕೊರೆದು ಸುರಂಗ ಮಾಡಿದವರಲ್ಲಿ ಬಹುಪಾಲು ಚೀನೀಯರು. 1867ರ ಜೂನ್‌ನಲ್ಲಿ ಸಂಬಳ ಹೆಚ್ಚಿಸಿ, ಕೆಲಸದ ಗಂಟೆ ಇಳಿಸಿ ಅಂತ ಸಾವಿರಾರು ಜನ ಮುಷ್ಕರ ಹೂಡಿದರು. ಕಂಪನಿಯ ಚಾರ್ಲ್ಸ್ ಕ್ರಾಕರ್ ಊಟದ ಸಾಮಾನನ್ನೇ ನಿಲ್ಲಿಸಿಬಿಟ್ಟ. ಸುಮಾರು ಒಂದು ವಾರದಲ್ಲಿ ಮುಷ್ಕರ ಮುರಿಯಿತು.

1869ರಲ್ಲಿ ಹಳಿ ಕೂಡಿತು. 1882ರಲ್ಲಿ ಚೀನೀ ಕಾರ್ಮಿಕರಿಗೆ ಬಾಗಿಲು ಹಾಕುವ ಕಾನೂನು ಬಂತು. 1885ರಲ್ಲಿ ವಯೋಮಿಂಗ್‌ನ ರಾಕ್ ಸ್ಪ್ರಿಂಗ್ಸ್ ಕಲ್ಲಿದ್ದಲ ಗಣಿಯಲ್ಲಿ ದೊಂಬಿಗೆ 28 ಚೀನೀಯರು ಬಲಿಯಾದರು, ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಆ ಕಾನೂನು ಹೋಗಿದ್ದು 1943ರಲ್ಲಿ.

ಇದು ಬರೀ ಚೀನೀಯರ ಕಥೆ ಅಂದ್ಕೋಬೇಡಿ. 1917ರಲ್ಲಿ ಅಮೆರಿಕ ಅದೇ ಬಾಗಿಲನ್ನು ಭಾರತೀಯರಿಗೂ ಮುಚ್ಚಿತು. ಇವತ್ತು ವೀಸಾ ಸಾಲಿನಲ್ಲಿ ನಿಂತವರಿಗೆ ಇದು ಗೊತ್ತಿರಲಿ: ಕೆಲಸಕ್ಕೆ ಬೇಕಾಗೋದು ಬೇರೆ, ಊರಿಗೆ ಬೇಕಾಗೋದು ಬೇರೆ.