ಒಂದೆಲಗ

ಒಂದು, ಎಲೆ ಎರಡೂ ಸೇರಿ ಆದ ಹೆಸರು. ಗಿಡದ ಗುರುತೂ ಅದರಲ್ಲೇ ಇದೆ. ನೆಲಕ್ಕೆ ಹಬ್ಬುವ ಬಳ್ಳಿಯ ಗೆಣ್ಣಿನಿಂದೇಳುವ ಪ್ರತಿ ತೊಟ್ಟಿನ ತುದಿಗೆ ಒಂದೇ ದುಂಡನೆಯ ಎಲೆ, ಅಂಚು ಸಣ್ಣಗೆ ಕಚ್ಚುಕಚ್ಚು. ತೇವ ಬೇಕು: ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಅಡಿಕೆ ತೋಟಗಳ ನೆರಳು ಇದಕ್ಕೆ ಒಗ್ಗುತ್ತದೆ, ಜಗಳೂರಿನ ಒಣನೆಲ ಒಗ್ಗದು. ತುಳುವಿನಲ್ಲಿ ತಿಮರೆ. ಬ್ರಾಹ್ಮಿ ಎನ್ನುವವರೂ ಇದ್ದಾರೆ. ಆದರೆ ನೀರುಬ್ರಾಹ್ಮಿಯೇ ಬೇರೆ ಗಿಡ, ಕೊಳ್ಳುವಾಗ ನೋಡಲೇಬೇಕು.

ಮನೆಯಲ್ಲಿ ಇದು ತಂಬುಳಿ, ಚಟ್ನಿಯ ಸೊಪ್ಪು. ಗಾಯ ಮಾಯಿಸುವ ಗುಣದ ಪರೀಕ್ಷೆಯೂ ನಡೆದಿದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದರಲ್ಲಿರುವ ಏಷಿಯಾಟಿಕೋಸೈಡ್ ಎಂಬ ಸಂಯುಕ್ತವನ್ನು ಬೇರ್ಪಡಿಸಿ, ಶೇ 0.2ರ ದ್ರಾವಣವನ್ನು ಗಿನಿಪಿಗ್‌ಗಳ ಗಾಯಕ್ಕೆ ಹಚ್ಚಿದರು. ಚರ್ಮದ ಪ್ರೋಟೀನಾದ ಕೊಲಾಜನ್ ಹೆಚ್ಚಿತು, ಕೂಡಿದ ಚರ್ಮದ ಗಟ್ಟಿತನ ಶೇ 57ರಷ್ಟು ಏರಿತು ಎಂದು 1999ರಲ್ಲಿ ಪ್ರಕಟಿಸಿದರು. ಅದು ಶುದ್ಧ ಸಂಯುಕ್ತದ ಫಲ. ಹಸಿಸೊಪ್ಪು ಜಜ್ಜಿ ತೆರೆದ ಗಾಯಕ್ಕೆ ಮೆತ್ತಿದರೆ ಮಣ್ಣಿನ ಸೋಂಕೂ ಒಳಹೋದೀತು.