ರಿಸೋರ್ಸ್‌ಲೋಡರ್

ರಿಸೋರ್ಸ್‌ಲೋಡರ್ ಎಂಬುದು ಮೀಡಿಯವಿಕಿ ತಂತ್ರಾಂಶದಲ್ಲಿ ಜಾವಾಸ್ಕ್ರಿಪ್ಟ್ ಕಡತಗಳನ್ನೂ ಸಿಎಸ್‌ಎಸ್ ಶೈಲಿಹಾಳೆಗಳನ್ನೂ ನಿರ್ವಹಿಸುವ ವ್ಯವಸ್ಥೆಯಾಗಿದೆ. ಪುಟವೊಂದಕ್ಕೆ ಅಗತ್ಯವಿರುವ ಕಡತಗಳನ್ನು ಒಟ್ಟುಗೂಡಿಸಿ, ಅವುಗಳ ಗಾತ್ರವನ್ನು ಕುಗ್ಗಿಸಿ, ಸರಿಯಾದ ಕ್ರಮದಲ್ಲಿ ಓದುಗರ ಬ್ರೌಸರಿಗೆ ತಲುಪಿಸುವುದು ಇದರ ಕಾರ್ಯ. ಟ್ರೆವರ್ ಪಾರ್ಸ್ಕಲ್ ಮತ್ತು ರೋಆನ್ ಕಟ್ಟೌ ಇದರ ಮೂಲ ನಿರ್ಮಾತೃಗಳು. 2011ರಲ್ಲಿ ಬಿಡುಗಡೆಯಾದ ಮೀಡಿಯವಿಕಿಯ 1.17ನೆಯ ಆವೃತ್ತಿಯಲ್ಲಿ ಇದು ಸೇರ್ಪಡೆಯಾಯಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಸೇರಿದಂತೆ ವಿಕಿಮೀಡಿಯ ಪ್ರತಿಷ್ಠಾನದ ವಿಕಿಗಳೆಲ್ಲವೂ ಇದನ್ನೇ ಬಳಸುತ್ತವೆ.

ಹಿನ್ನೆಲೆ

ಜಾಲಪುಟದ ರಚನೆಯನ್ನು ಎಚ್‌ಟಿಎಮ್‌ಎಲ್, ತೋರಿಕೆಯನ್ನು ಶೈಲಿಹಾಳೆ ಹಾಗೂ ಚಟುವಟಿಕೆಯನ್ನು ಜಾವಾಸ್ಕ್ರಿಪ್ಟ್ ನಿರ್ಧರಿಸುತ್ತವೆ. ಸೌಲಭ್ಯಗಳು ಹೆಚ್ಚಿದಂತೆ ಕಡತಗಳ ಸಂಖ್ಯೆಯೂ ಹೆಚ್ಚುತ್ತದೆ. ಪ್ರತಿಯೊಂದು ಕಡತವನ್ನೂ ಬೇರೆಬೇರೆಯಾಗಿ ತರಿಸಿಕೊಂಡರೆ ಪುಟ ತೆರೆಯುವುದು ತಡವಾಗುತ್ತದೆ. ಒಂದು ಕಡತ ಇನ್ನೊಂದನ್ನು ಅವಲಂಬಿಸಿದ್ದರೆ ಕ್ರಮ ತಪ್ಪಿದಾಗ ದೋಷ ಉಂಟಾಗುತ್ತದೆ. ಸರ್ವರಿನಲ್ಲಿ ಕಡತ ಬದಲಾದರೂ ಬ್ರೌಸರಿನಲ್ಲಿ ಹಳೆಯ ಪ್ರತಿಯೇ ಉಳಿದಿರುವುದು ಮತ್ತೊಂದು ತೊಡಕು. ಈ ಮೂರೂ ಸಮಸ್ಯೆಗಳಿಗೆ ಪರಿಹಾರವಾಗಿ ರಿಸೋರ್ಸ್‌ಲೋಡರ್ ರೂಪುಗೊಂಡಿತು.

ಕಾರ್ಯವಿಧಾನ

ಇಲ್ಲಿ ಮೂಲ ಘಟಕವನ್ನು ಮಾಡ್ಯೂಲ್ ಎಂದು ಕರೆಯುತ್ತಾರೆ. ಒಂದು ಮಾಡ್ಯೂಲಿನಲ್ಲಿ ಜಾವಾಸ್ಕ್ರಿಪ್ಟ್, ಶೈಲಿಹಾಳೆ, ಪರದೆಯ ಮೇಲೆ ಕಾಣುವ ಸಂದೇಶಗಳು ಹಾಗೂ ಅದು ಅವಲಂಬಿಸಿರುವ ಇತರ ಮಾಡ್ಯೂಲುಗಳ ಪಟ್ಟಿ ಇರಬಹುದು.

ಪುಟ ತೆರೆದಾಗ ಮೊದಲು ಆರಂಭಿಕ ಮಾಡ್ಯೂಲ್ ಬರುತ್ತದೆ. ಎಲ್ಲ ಮಾಡ್ಯೂಲುಗಳ ಹೆಸರು, ಅವಲಂಬನೆ ಮತ್ತು ಆವೃತ್ತಿ ಸಂಕೇತಗಳು ಅದರಲ್ಲಿರುತ್ತವೆ. ಬ್ರೌಸರ್ ಈ ಪಟ್ಟಿಯನ್ನು ನೋಡಿ, ತನ್ನಲ್ಲಿ ಇಲ್ಲದ ಮಾಡ್ಯೂಲುಗಳನ್ನು ಒಟ್ಟಿಗೆ ಕೇಳುತ್ತದೆ. ಸರ್ವರ್ ಅವುಗಳಲ್ಲಿನ ಟಿಪ್ಪಣಿಗಳನ್ನೂ ಅನಗತ್ಯ ಖಾಲಿ ಜಾಗವನ್ನೂ ತೆಗೆದುಹಾಕಿ ಕಳುಹಿಸುತ್ತದೆ.

ಆರಂಭಿಕ ಮಾಡ್ಯೂಲನ್ನು ಸಾಮಾನ್ಯವಾಗಿ 5 ನಿಮಿಷ, ಆವೃತ್ತಿ ಸಂಕೇತವಿರುವ ಉಳಿದವುಗಳನ್ನು 30 ದಿನ ಬ್ರೌಸರಿನಲ್ಲಿ ಇರಿಸಿಕೊಳ್ಳಲಾಗುತ್ತದೆ. ಕಡತದ ಒಳಗಿನ ವಿಷಯ ಬದಲಾದರೆ ಸಂಕೇತವೂ ಬದಲಾಗುವುದರಿಂದ ಹೊಸ ಪ್ರತಿ ತಾನಾಗಿಯೇ ಬರುತ್ತದೆ. ಬದಲಾಗದಿದ್ದರೆ ಹಳೆಯ ಪ್ರತಿಯೇ ಸಾಕಾಗುತ್ತದೆ.

ಕನ್ನಡದ ಸಂದರ್ಭ

ಯುಟಿಎಫ್-8 ಸಂಕೇತ ಪದ್ಧತಿಯಲ್ಲಿ ರೋಮನ್ ಲಿಪಿಯ ಮೂಲ ಅಕ್ಷರವೊಂದಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. 'ಹುಡುಕಿ' ಎಂಬ ಪದದಲ್ಲಿ ಸ್ವರಚಿಹ್ನೆಗಳೂ ಸೇರಿ 6 ಸಂಕೇತಗಳಿವೆ. ಆದ್ದರಿಂದ ಅದು 18 ಬೈಟುಗಳಷ್ಟಾಗುತ್ತದೆ. ರವಾನೆಯ ಸಮಯದಲ್ಲಿ ಜಿಜಿಪ್ ವಿಧಾನದ ಸಂಕೋಚನದಿಂದ ಈ ಅಂತರ ಕಡಿಮೆಯಾಗುತ್ತದೆಯಾದರೂ ಅನಗತ್ಯ ಪಠ್ಯವನ್ನು ಕಳುಹಿಸದಿರುವುದೇ ಹೆಚ್ಚಿನ ಉಳಿತಾಯ. ರಿಸೋರ್ಸ್‌ಲೋಡರ್ ಓದುಗರು ಆರಿಸಿಕೊಂಡ ಭಾಷೆಯ ಸಂದೇಶಗಳನ್ನು ಮಾತ್ರ ಕಳುಹಿಸುತ್ತದೆ. ಈ ಸಂದೇಶಗಳ ಕನ್ನಡ ಅನುವಾದವನ್ನು ಟ್ರಾನ್ಸ್‌ಲೇಟ್‌ವಿಕಿ ತಾಣದಲ್ಲಿ ಸ್ವಯಂಸೇವಕರು ಮಾಡುತ್ತಾರೆ.

ಕನ್ನಡ ಬೆರಳಚ್ಚಿನ ಸೌಲಭ್ಯಕ್ಕೂ ಇದೇ ತತ್ತ್ವ ಅನ್ವಯಿಸುತ್ತದೆ. ಮೊದಲು ಬಳಕೆಯಲ್ಲಿದ್ದ ನಾರಾಯಂ ವಿಸ್ತರಣೆಯ ಸ್ಥಾನಕ್ಕೆ 2013ರಲ್ಲಿ ಯೂನಿವರ್ಸಲ್ ಲ್ಯಾಂಗ್ವೇಜ್ ಸೆಲೆಕ್ಟರ್ ಬಂದಿತು. ಇದರಲ್ಲಿ ಲಿಪ್ಯಂತರಣ, ಇನ್‌ಸ್ಕ್ರಿಪ್ಟ್ ಮತ್ತು ಕೆ. ಪಿ. ರಾವ್ ವಿನ್ಯಾಸಗಳು ಕನ್ನಡಕ್ಕೆ ಲಭ್ಯವಿವೆ. ಆಯ್ಕೆ ಮಾಡಿದ ವಿನ್ಯಾಸದ ನಿಯಮಗಳು ಮಾತ್ರ ಬರುತ್ತವೆ. ಬರೆಯದೆ ಓದುವುದಷ್ಟೇ ಮಾಡುವವರಿಗೆ ಅವುಗಳ ಹೊರೆ ಇಲ್ಲ.

ಸ್ಥಳೀಯ ಕಡತಗಳು

ಪ್ರತಿ ವಿಕಿಯಲ್ಲೂ ಸಮುದಾಯವೇ ನಿರ್ವಹಿಸುವ ಕಾಮನ್.ಜೆಎಸ್ ಮತ್ತು ಕಾಮನ್.ಸಿಎಸ್‌ಎಸ್ ಪುಟಗಳಿರುತ್ತವೆ. ಇವೂ ರಿಸೋರ್ಸ್‌ಲೋಡರ್ ಮೂಲಕವೇ ತಲುಪುತ್ತವೆ. ಕೆಲವರಿಗೆ ಮಾತ್ರ ಉಪಯುಕ್ತವಾದುದನ್ನು ಗ್ಯಾಜೆಟ್ ರೂಪದಲ್ಲಿ ಇರಿಸುವುದು ಉತ್ತಮ ಪದ್ಧತಿ. ಬೇಕಾದ ಸದಸ್ಯರು ತಮ್ಮ ಪ್ರಾಶಸ್ತ್ಯಗಳಲ್ಲಿ ಅದನ್ನು ಆರಿಸಿಕೊಳ್ಳಬಹುದು. ಒಂದು ಟೆಂಪ್ಲೇಟಿಗೆ ಸೀಮಿತವಾದ ಶೈಲಿಗೆ ಟೆಂಪ್ಲೇಟ್‌ಸ್ಟೈಲ್ಸ್ ಎಂಬ ಪ್ರತ್ಯೇಕ ವಿಸ್ತರಣೆ ಇದೆ.

ಕಾಮನ್.ಜೆಎಸ್ ಪುಟದ ಒಂದು ತಪ್ಪು ಸಾಲು ಇಡೀ ವಿಕಿಯ ಓದುಗರೆಲ್ಲರ ಬ್ರೌಸರಿನಲ್ಲಿ ಕಾರ್ಯಗತವಾಗುತ್ತದೆ. ದುರುದ್ದೇಶದ ಸಾಲಾದರೆ ಲಾಗಿನ್ ಆಗಿರುವ ಸದಸ್ಯರ ಹೆಸರಿನಲ್ಲಿ ಅವರಿಗೆ ತಿಳಿಯದಂತೆ ಸಂಪಾದನೆ ನಡೆಸಲೂ ಸಾಧ್ಯ. ಈ ಕಾರಣದಿಂದ 2018ರಲ್ಲಿ ಇಂತಹ ಪುಟಗಳನ್ನು ತಿದ್ದುವ ಹಕ್ಕನ್ನು ಸಾಮಾನ್ಯ ನಿರ್ವಾಹಕರಿಂದ ಹಿಂಪಡೆದು, ಸಂಪರ್ಕಸಾಧನ ನಿರ್ವಾಹಕರು ಎಂಬ ಪ್ರತ್ಯೇಕ ಗುಂಪಿಗೆ ನೀಡಲಾಯಿತು.

ಹಳೆಯ ಸಾಧನಗಳಲ್ಲಿ

ರಿಸೋರ್ಸ್‌ಲೋಡರ್ ಮೊದಲು ಬ್ರೌಸರಿನ ಸಾಮರ್ಥ್ಯವನ್ನು ಪರೀಕ್ಷಿಸುತ್ತದೆ. ಬ್ರೌಸರ್ ತೀರ ಹಳೆಯದಾಗಿದ್ದರೆ ಜಾವಾಸ್ಕ್ರಿಪ್ಟ್ ಮಾಡ್ಯೂಲುಗಳನ್ನು ಕಳುಹಿಸುವುದಿಲ್ಲ; ಲೇಖನದ ಪಠ್ಯ ಮತ್ತು ಮೂಲ ಶೈಲಿ ಮಾತ್ರ ದೊರೆಯುತ್ತವೆ. ಹೀಗಾಗಿ ಧಾರವಾಡ ಜಿಲ್ಲೆಯ ಗುಡಗೇರಿಯಂತಹ ಊರಿನಲ್ಲಿ ಹಳೆಯ ಮೊಬೈಲ್ ಹಿಡಿದು ಪಾಠಕ್ಕೆ ಬೇಕಾದ ಲೇಖನವನ್ನು ಹುಡುಕುವ ವಿದ್ಯಾರ್ಥಿಗೆ ಕೆಲವು ಸೌಲಭ್ಯಗಳು ಸಿಗದಿರಬಹುದು, ಆದರೆ ಲೇಖನವನ್ನು ಓದಲು ಅಡ್ಡಿಯಾಗುವುದಿಲ್ಲ.